ಹಳೆಯ ಕಾರಿಗೆ ಎ.ಸಿ. ಫಿಲ್ಟರ್: ಮೊದಲು ಗೂಡು ನೋಡಿ, ಆಮೇಲೆ ಬೆಲೆ ಕೇಳಿ

ಪ್ರಶ್ನೆ: ನಾವು ಮುಂಬೈಯ ಚೆಂಬೂರಿನಲ್ಲಿದ್ದೇವೆ. ನಮ್ಮದು 2012ರ ಚಿಕ್ಕ ಪೆಟ್ರೋಲ್ ಕಾರು, ಆ ಮಾದರಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು. ನಾಲ್ಕು ವರ್ಷದ ಹಿಂದೆ ಸಿಎನ್‌ಜಿ ಕಿಟ್ ಹಾಕಿಸಿದ್ದೇವೆ. ಒಂಬತ್ತು ವರ್ಷದ ಮಗನಿಗೆ ಉಬ್ಬಸವಿದೆ. ಎ.ಸಿ. ಹಾಕಿದ ಕೂಡಲೇ ಒದ್ದೆ ಗೋಣಿಚೀಲದಂಥ ವಾಸನೆ ಬರುತ್ತದೆ, ಅವನಿಗೆ ಸೀನು ಶುರುವಾಗುತ್ತದೆ. ಒಂದು ಗ್ಯಾರೇಜಿನವರು ‘ಈ ಕಾರಿಗೆ ಎ.ಸಿ. ಫಿಲ್ಟರೇ ಇಲ್ಲ, ಹಾಗೇ ಓಡಿಸಿ’ ಎಂದರು. ಇನ್ನೊಂದು ಕಡೆ ‘1,800 ರೂಪಾಯಿ ಕೊಡಿ, ಹೆಪಾ ಫಿಲ್ಟರ್ ಕೂರಿಸುತ್ತೇವೆ’ ಎಂದರು. ಯಾರ ಮಾತು ನಂಬಬೇಕು? ನಾವೇ ಮನೆಯಲ್ಲಿ ಹಾಕಿಕೊಳ್ಳಬಹುದೇ? ಮೇ ತಿಂಗಳಲ್ಲಿ ಇದೇ ಕಾರಿನಲ್ಲಿ ಉಡುಪಿಗೆ ಹೋಗುವವರಿದ್ದೇವೆ.

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಇಬ್ಬರೂ ಗ್ಲೋವ್ ಬಾಕ್ಸ್ ಇಳಿಸಿ ಒಳಗೆ ನೋಡಿದಂತೆ ಕಾಣುವುದಿಲ್ಲ. ನಿಮ್ಮ ಕಾರಿನಲ್ಲಿ ಫಿಲ್ಟರ್ ಇಲ್ಲದಿರುವುದು ನಿಜವಿರಬಹುದು, ಹಾಕಲು ಬರುವುದೂ ನಿಜವಿರಬಹುದು. ಆದರೆ ಆ ಒದ್ದೆ ಗೋಣಿಯ ವಾಸನೆ ಮಾತ್ರ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಅಷ್ಟಕ್ಕೇ ಹೋಗುವುದಿಲ್ಲ. ಅದರ ಬೇರು ಬೇರೆ ಕಡೆ ಇದೆ. ಇಪ್ಪತ್ತೆಂಟು ವರ್ಷಗಳಿಂದ ಕುರ್ಲಾದಲ್ಲಿ ಕಾರಿನ ಎ.ಸಿ. ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಮಗುವಿನ ಉಸಿರಿನ ವಿಷಯವಾದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೆಸರಿನ ಗೊಂದಲ ತೀರಿಸೋಣ. ಬಿಡಿಭಾಗದ ಅಂಗಡಿಯಲ್ಲಿ ‘ಏರ್ ಫಿಲ್ಟರ್’ ಎಂದು ಕೇಳಿದರೆ ಬಾನೆಟ್‌ ಕೆಳಗೆ ಎಂಜಿನ್ ಉಸಿರಾಡುವ ಫಿಲ್ಟರ್ ಕೈಗೆ ಬರುತ್ತದೆ. ನಾವು ಉಸಿರಾಡುವುದನ್ನು ‘ಎ.ಸಿ. ಫಿಲ್ಟರ್’ ಅಥವಾ ‘ಕ್ಯಾಬಿನ್ ಫಿಲ್ಟರ್’ ಎನ್ನುತ್ತಾರೆ. ಸರ್ವಿಸ್ ಬಿಲ್ಲಿನಲ್ಲಿ ‘ಏರ್ ಫಿಲ್ಟರ್ ಬದಲಿಸಿದೆ’ ಎಂದು ಓದಿ, ಕಾರಿನೊಳಗಿನ ಗಾಳಿ ಶುದ್ಧವಾಯಿತೆಂದು ವರ್ಷಗಟ್ಟಲೆ ನಂಬಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ನಿಮ್ಮ ಹಳೆಯ ಬಿಲ್ಲುಗಳನ್ನೂ ಒಮ್ಮೆ ತೆಗೆದು ನೋಡಿ.

ಈಗ ಗಾಳಿಯ ದಾರಿ. ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಒಳಗೆ ಬರುವ ಬಾಗಿಲು ಅದೇ. ಅಲ್ಲಿಂದ ಗಾಳಿ ಒಂದು ಕದದ ಹತ್ತಿರ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಗುಂಡಿಯನ್ನು ಒತ್ತಿದಾಗ ತೆರೆದು ಮುಚ್ಚುವುದು ಆ ಕದ. ಅದನ್ನು ದಾಟಿದರೆ ಗಾಳಿ ದೂಡುವ ಫ್ಯಾನ್, ಅಂದರೆ ಬ್ಲೋವರ್, ಅದರಾಚೆ ಕೂಲಿಂಗ್ ಕಾಯಿಲ್, ಆಮೇಲೆ ನಿಮ್ಮ ಮುಖದ ಮುಂದಿನ ಕಿಂಡಿಗಳು. ಫಿಲ್ಟರ್ ಇರುವ ಕಾರುಗಳಲ್ಲಿ ಅದು ಬ್ಲೋವರಿನ ಸ್ವಲ್ಪ ಮೊದಲು, ಇಲ್ಲವೇ ಬ್ಲೋವರಿಗೂ ಕಾಯಿಲಿಗೂ ನಡುವೆ ಕೂತಿರುತ್ತದೆ.

ಕಾಯಿಲ್ ಎಂದರೆ ಒತ್ತೊತ್ತಾಗಿ ಜೋಡಿಸಿದ ಅಲ್ಯೂಮಿನಿಯಂ ಹಾಳೆಗಳು, ಹೇನಿನ ಬಾಚಣಿಗೆಯ ಹಲ್ಲುಗಳಷ್ಟು ಹತ್ತಿರ ಹತ್ತಿರ. ಎ.ಸಿ. ಓಡುವಾಗ ಅದು ತಣ್ಣಗಾಗಿ, ನಮ್ಮ ಕರಾವಳಿಯ ತೇವದ ಗಾಳಿಯಿಂದ ನೀರು ಇಳಿದು, ಮೈಯೆಲ್ಲ ಒದ್ದೆಯಾಗಿರುತ್ತದೆ. ಫಿಲ್ಟರ್ ಇಲ್ಲದ ಕಾರಿನಲ್ಲಿ ರಸ್ತೆಯ ಧೂಳು, ಟೈರಿನ ಪುಡಿ, ಹೊಗೆಯ ಮಸಿ ಎಲ್ಲವೂ ನೇರವಾಗಿ ಈ ಒದ್ದೆ ಮೈಗೆ ಹೋಗಿ ಅಂಟುತ್ತವೆ. ಇಂಥ ಕಾಯಿಲ್‌ ಮೇಲೆ ಟಾರ್ಚ್ ಬಿಟ್ಟರೆ ಅಲ್ಯೂಮಿನಿಯಂ ಕಾಣುವುದಿಲ್ಲ. ಬೂದು ಬಣ್ಣದ ಕಂಬಳಿ ಹೊದಿಸಿದಂತಿರುತ್ತದೆ. ಉಗುರಿನಿಂದ ಅಂಚು ಎಬ್ಬಿಸಿದರೆ ನಿಜವಾಗಿಯೂ ಕಂಬಳಿಯಂತೆಯೇ ಪದರವಾಗಿ ಏಳುತ್ತದೆ, ಅಡಿಯಲ್ಲಿ ಕಪ್ಪು ಬೂಷ್ಟು. ಚೆಂಬೂರಿನಲ್ಲಿ ಮಳೆಮರಗಳ ಕೆಳಗೆ ನಿಲ್ಲುವ ಕಾರುಗಳಿಗೆ ಇದರ ಜೊತೆಗೆ ಆ ಮರದ ಸಣ್ಣ ಎಲೆಗಳು, ಪಾರಿವಾಳದ ಪುಕ್ಕ, ಒಣಗಿದ ಹಿಕ್ಕೆಯ ಪುಡಿ. ಕೆಲವೊಮ್ಮೆ ಇಲಿ ಕಡಿದು ಒಟ್ಟಿದ ಹತ್ತಿ. ಬೆಳಿಗ್ಗೆ ಎ.ಸಿ. ಹಾಕಿದಾಗ ನಿಮ್ಮ ಮಗನ ಮೂಗಿಗೆ ಹೊಡೆಯುವುದು ಈ ಕಂಬಳಿಯ ಗಾಳಿ. ಹಳೆಯ ಕಂಬಳಿ ಅಲ್ಲೇ ಇರಲು ಬಿಟ್ಟು ಅದರ ಮುಂದೆ ಹೊಸ ಫಿಲ್ಟರ್ ಹಾಕಿದರೆ, ಶುದ್ಧ ಗಾಳಿ ಕೊಳಕು ಕಾಯಿಲನ್ನು ಹಾದು ಕೊಳಕಾಗಿಯೇ ಬರುತ್ತದೆ. ಆದ್ದರಿಂದ ಮೊದಲು ಕಾಯಿಲ್ ತೊಳೆಯುವುದು, ಆಮೇಲೆ ಫಿಲ್ಟರ್. ಈ ಕ್ರಮವನ್ನು ಯಾವ ಕಾರಣಕ್ಕೂ ಹಿಂದುಮುಂದು ಮಾಡಬೇಡಿ.

ಫಿಲ್ಟರಿಗೆ ಜಾಗ ಇದೆಯೋ ಇಲ್ಲವೋ ಎಂಬುದನ್ನು ನೀವೇ ನೋಡಬಹುದು. ಕಾರಿನ ಕೀಲಿ ತೆಗೆದಿಡಿ, ಬ್ಲೋವರ್ ನಿಂತಿರಲಿ. ಗ್ಲೋವ್ ಬಾಕ್ಸಿನಲ್ಲಿರುವುದನ್ನೆಲ್ಲ ಹೊರಗೆ ತೆಗೆಯಿರಿ. ಪೆಟ್ಟಿಗೆಯ ಒಂದು ಪಕ್ಕದಲ್ಲಿ ದಾರವೋ ಸಣ್ಣ ಪ್ಲಾಸ್ಟಿಕ್ ಕಡ್ಡಿಯೋ ಇದ್ದರೆ ಅದನ್ನು ಬಿಡಿಸಿ. ಎರಡೂ ಪಕ್ಕದ ಗೋಡೆಗಳನ್ನು ಅಂಗೈಯಿಂದ ಒಳಕ್ಕೆ ಒತ್ತಿದರೆ ಗಂಟುಗಳು ತಪ್ಪಿ ಪೆಟ್ಟಿಗೆ ಪೂರ್ತಿ ಕೆಳಗೆ ಇಳಿಯುತ್ತದೆ. ಕೆಲವು ಕಾರುಗಳಲ್ಲಿ ಎರಡು ಮೂರು ಸ್ಕ್ರೂ ಬಿಚ್ಚಬೇಕಾಗುತ್ತದೆ. ಹಳದಿ ಬಣ್ಣದ ವಯರ್ ಅಥವಾ ಕನೆಕ್ಟರ್ ಕಂಡರೆ ಅದನ್ನು ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಈಗ ಟಾರ್ಚ್ ಹಿಡಿದು ನೋಡಿದರೆ ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಪೆಟ್ಟಿಗೆ ಕಾಣುತ್ತದೆ. ಬ್ಲೋವರ್ ಇರುವುದು ಅದರೊಳಗೆ.

ಆ ಪೆಟ್ಟಿಗೆಯ ಮೇಲೆ ಅಂಗೈಯಗಲದ, ಉದ್ದನೆಯ ಮುಚ್ಚಳ, ಅದರ ತುದಿಗಳಲ್ಲಿ ಚಿಮಟಿಗೆಯಂತೆ ಒತ್ತುವ ಕೊಕ್ಕೆಗಳು ಕಂಡರೆ ನಿಮ್ಮ ಕೆಲಸ ಅರ್ಧ ಮುಗಿದಂತೆಯೇ. ಮುಚ್ಚಳ ತೆಗೆದಾಗ ಒಳಗೆ ಖಾಲಿ ಗೂಡು ಸಿಗಬಹುದು. ಕಡಿಮೆ ಬೆಲೆಯ ಮಾದರಿಗೂ ದುಬಾರಿ ಮಾದರಿಗೂ ಪೆಟ್ಟಿಗೆಯ ಅಚ್ಚು ಒಂದೇ ಆಗಿದ್ದು, ಕಡಿಮೆ ಬೆಲೆಯದರಲ್ಲಿ ಫಿಲ್ಟರ್ ಮಾತ್ರ ಹಾಕದೆ ಬಿಟ್ಟ ಕಾರುಗಳು ನಮ್ಮಲ್ಲಿ ಬಹಳ ಓಡಾಡುತ್ತಿವೆ. ‘ಫಿಲ್ಟರೇ ಇಲ್ಲ’ ಎಂದವರ ಮಾತೂ ‘ಹಾಕಬಹುದು’ ಎಂದವರ ಮಾತೂ ಒಟ್ಟಿಗೆ ನಿಜವಾಗುವುದು ಹೀಗೆ. ಇಂಥದ್ದಾದರೆ ಅದೇ ವರ್ಷದ, ಅದೇ ಹೆಸರಿನ ಕಾರಿನ ಮೇಲ್ದರ್ಜೆ ಮಾದರಿಯ ಫಿಲ್ಟರನ್ನು ಕೇಳಿ ತಂದರೆ ಸರಿಯಾಗಿ ಕೂರುತ್ತದೆ.

ಮುಚ್ಚಳವಿಲ್ಲದೆ, ಗೋಡೆಯ ಮೇಲೆ ಆಯತಾಕಾರದ ತೆಳುವಾದ ಗೀರು ಮಾತ್ರ ಕಂಡರೆ ಗೂಡು ಒಳಗಿದೆ, ಬಾಯಿಯನ್ನು ಅಚ್ಚಿನಲ್ಲೇ ಮುಚ್ಚಿದ್ದಾರೆ ಎಂದರ್ಥ. ಅದನ್ನು ಕತ್ತರಿಸಿ ತೆರೆಯಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಗೋಡೆ ತೆಳು, ಅದರ ಹಿಂದೆ ಕೆಲವು ಕಾರುಗಳಲ್ಲಿ ಒಂದು ಬೆರಳಿನಷ್ಟೇ ದೂರದಲ್ಲಿ ಕಾಯಿಲ್ ಇರುತ್ತದೆ. ಬ್ಲೇಡು ಜಾರಿ ಅದಕ್ಕೆ ತಗುಲಿದರೆ ಎ.ಸಿ. ಗ್ಯಾಸ್ ಪೂರ್ತಿ ಹೋಗುತ್ತದೆ, ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಕಾಯಿಲ್ ಹಾಕಬೇಕಾಗುತ್ತದೆ. ಈ ಕೆಲಸ ಗೊತ್ತಿರುವವನು ಒಂದೇ ಸಲ ಒತ್ತಿ ಕೊಯ್ಯುವುದಿಲ್ಲ. ಗೀರಿನ ಮೇಲೆಯೇ ಹತ್ತು ಹದಿನೈದು ಸಲ ಹಗುರವಾಗಿ ಬ್ಲೇಡು ಎಳೆದು, ಕೊನೆಗೆ ಬೆರಳಿನಿಂದ ಮುರಿದು ತೆಗೆಯುತ್ತಾನೆ. ಪ್ಲಾಸ್ಟಿಕ್ಕಿನ ಚೂರುಗಳನ್ನು ವ್ಯಾಕ್ಯೂಮಿನಿಂದ ಎಳೆಯುತ್ತಾನೆ. ಕತ್ತರಿಸಿದ ತುಂಡನ್ನೇ ಟೇಪು ಹಚ್ಚಿ ಮತ್ತೆ ಮುಚ್ಚಲು ಹೊರಟರೆ ತಡೆಯಿರಿ. ಮೇಲ್ದರ್ಜೆ ಮಾದರಿಯ ಕೊಕ್ಕೆ ಇರುವ ಮುಚ್ಚಳ ಬೇರೆಯಾಗಿ ಸಿಗುತ್ತದೆ, ಅದನ್ನೇ ಮೊದಲು ತರಿಸಿಕೊಂಡು ಆಮೇಲೆ ಬ್ಲೇಡು ಮುಟ್ಟಬೇಕು.

ಗೀರೂ ಇಲ್ಲ, ಮುಚ್ಚಳವೂ ಇಲ್ಲ ಎಂದಾದರೆ ಆ ಕಾರಿನಲ್ಲಿ ಗೂಡೇ ಇಲ್ಲ. ಆಗ ಯಾರಾದರೂ ಗಾಜಿನ ಬುಡದ ಜಾಲರಿಯ ಮೇಲೆ ಸ್ಪಂಜು ಅಂಟಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಮಳೆಗಾಲದಲ್ಲಿ ಆ ಸ್ಪಂಜು ನೀರು ಕುಡಿದು ಬೂಷ್ಟಿನ ತವರಾಗುತ್ತದೆ. ಗಾಳಿ ಕಟ್ಟಿದರೆ ಕಾಯಿಲ್ ಮೇಲೆ ಮಂಜು ಹಿಡಿಯುತ್ತದೆ. ಬ್ಲೋವರಿನ ವೇಗ ನಿಯಂತ್ರಿಸುವ ರೆಸಿಸ್ಟರ್ ತಣ್ಣಗಾಗುವುದು ಆ ಗಾಳಿಯಿಂದಲೇ ಆದ್ದರಿಂದ ಅದೂ ಸುಟ್ಟುಹೋಗಬಹುದು. ಇಂಥ ಕಾರಿಗೆ ಎಲೆ ತಡೆಯುವಷ್ಟು ದೊಡ್ಡ ಕಣ್ಣಿನ ಸ್ಟೀಲ್ ಬಲೆ ಸಾಕು. ಉಳಿದ ಹಣವನ್ನು ವರ್ಷಕ್ಕೊಮ್ಮೆ ಕಾಯಿಲ್ ತೊಳೆಸಲು ಖರ್ಚು ಮಾಡಿ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳಬೇಕಾದದ್ದು ಫಿಲ್ಟರಿನ ಅಂಚಿನ ವಿಷಯ. ಹದಿನೈದು ವರ್ಷದ ಹಿಂದೆ ಕುಂದಾಪುರ ಕಡೆಯ ಒಬ್ಬ ಟ್ಯಾಕ್ಸಿ ಚಾಲಕರು ಬಂದಿದ್ದರು. ಅವರ ಕಾರಿನ ಗೂಡಿಗೆ ಸರಿಯಾದ ಅಳತೆಯ ಫಿಲ್ಟರ್ ಆ ದಿನ ಸಿಗಲಿಲ್ಲ. ಸ್ವಲ್ಪ ಚಿಕ್ಕದನ್ನೇ ನಾನು ಕೂರಿಸಿ ಕಳಿಸಿದೆ. ಒಂದು ಪಕ್ಕದಲ್ಲಿ ಬೆಂಕಿಕಡ್ಡಿಯ ದಪ್ಪದ ಸಂದು ಉಳಿದಿತ್ತು. ನಾಲ್ಕು ತಿಂಗಳಾದ ಮೇಲೆ ಕೆಮ್ಮು ಕಡಿಮೆಯಾಗಿಲ್ಲವೆಂದು ಅವರು ಮತ್ತೆ ಬಂದರು. ತೆಗೆದು ನೋಡಿದರೆ ಫಿಲ್ಟರ್ ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಅದರ ಹಿಂದಿನ ಕಾಯಿಲ್ ಮೇಲೆ, ಸರಿಯಾಗಿ ಆ ಸಂದಿನ ನೇರಕ್ಕೆ, ಕಾಡಿಗೆ ತೀಡಿದಂಥ ಕಪ್ಪು ಗೆರೆ. ಗಾಳಿಗೆ ಬಿಟ್ಟ ದಾರಿ ಇದ್ದರೆ ಅದು ನೆರಿಗೆಗಳನ್ನು ದಾಟುವ ಕಷ್ಟವನ್ನೇಕೆ ಪಡುತ್ತದೆ? ತಪ್ಪು ನನ್ನದೇ ಆಗಿತ್ತು, ನಾಲ್ಕು ತಿಂಗಳು ಅವರು ಆ ಗಾಳಿ ಕುಡಿದರು. ಆ ದಿನದಿಂದ ಚೌಕಟ್ಟು ನಾಲ್ಕೂ ಕಡೆ ಬಿಗಿಯಾಗಿ ಕೂತಿದೆಯೆಂದು ಬೆರಳಾಡಿಸಿ ನೋಡದೆ ಮುಚ್ಚಳ ಹಾಕಿಲ್ಲ. ಕೂದಲೆಳೆಯ ಸಂದು ಇದ್ದರೂ ಅಂಟಿರುವ ತೆಳು ಫೋಮ್ ಪಟ್ಟಿಯನ್ನು ಚೌಕಟ್ಟಿನ ಸುತ್ತ ಹಚ್ಚುತ್ತೇನೆ. ಬಾಗಿಲ ಸಂದಿಗೆ ಹಚ್ಚುವ ಪಟ್ಟಿಯೇ ಸಾಕು, ಕೆಲವು ಹತ್ತು ರೂಪಾಯಿಗಳ ಕೆಲಸ. 400 ರೂಪಾಯಿಯ ಬಿಗಿಯಾದ ಫಿಲ್ಟರ್ 1,800 ರೂಪಾಯಿಯ ಸಡಿಲ ಫಿಲ್ಟರಿಗಿಂತ ನಿಮ್ಮ ಮಗನಿಗೆ ಹೆಚ್ಚು ಉಪಕಾರಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಸಾಧಾರಣ ಫಿಲ್ಟರ್ ಎಂದರೆ ಬಿಳಿ ಬಟ್ಟೆಯಂಥದ್ದು, ಸೀರೆಯಂತೆ ನೆರಿಗೆ ಹಿಡಿದಿರುತ್ತದೆ. ಅದು ಬರೀ ಜರಡಿ ಎಂದುಕೊಳ್ಳಬೇಡಿ. ಒಳ್ಳೆಯ ಫಿಲ್ಟರಿನ ಎಳೆಗಳಲ್ಲಿ ವಿದ್ಯುತ್ ಆವೇಶ ತುಂಬಿರುತ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ ಅದು ತನ್ನ ಕಣ್ಣಿಗಿಂತ ಚಿಕ್ಕ ಕಣಗಳನ್ನೂ ಎಳೆದು ಹಿಡಿಯುತ್ತದೆ. ಉಬ್ಬಸದವರಿಗೆ ಹೆಚ್ಚು ತೊಂದರೆ ಕೊಡುವುದು 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಅವುಗಳನ್ನು ಹಿಡಿಯಲು ಈ ಆವೇಶ ಬೇಕೇ ಬೇಕು. ಅದಕ್ಕೇ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ಕಂಪ್ರೆಸರಿನಿಂದ ಊದಿಸಲೂಬಾರದು. ತೊಳೆದರೆ ನೋಡಲು ಬೆಳ್ಳಗಾಗುತ್ತದೆ, ಆದರೆ ಹಿಡಿಯುವ ಶಕ್ತಿ ಹೋಗಿರುತ್ತದೆ. ಸರ್ವಿಸಿನಲ್ಲಿ ‘ಸ್ವಚ್ಛ ಮಾಡಿದ್ದೇವೆ’ ಎಂದು ಬರೆದು ಅದನ್ನೇ ಮತ್ತೆ ಹಾಕಿಕೊಟ್ಟರೆ ಸುಮ್ಮನಿರಬೇಡಿ.

ಇನ್ನೊಂದು ಕಾರ್ಬನ್ ಫಿಲ್ಟರ್, ಕಪ್ಪು ಬಣ್ಣದ್ದು. ಎರಡು ಬಟ್ಟೆಗಳ ನಡುವೆ ಸಕ್ರಿಯ ಇದ್ದಿಲಿನ ಹರಳುಗಳಿರುತ್ತವೆ. ನಮ್ಮೂರಲ್ಲಿ ಬಚ್ಚಲ ಒಲೆಗೆ ಹಾಕುವ ತೆಂಗಿನ ಗೆರಟೆಯಿಂದಲೇ ಇಂಥ ಒಳ್ಳೆಯ ಇದ್ದಿಲು ಆಗುತ್ತದೆ. ಕಣ್ಣಿಗೆ ಕಾಣದ ಕೋಟಿಗಟ್ಟಲೆ ರಂಧ್ರಗಳಿರುವುದರಿಂದ ಒಂದೇ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಅನಿಲ ರೂಪದ ವಾಸನೆಗಳು ಅಲ್ಲಿ ಹೋಗಿ ಕೂರುತ್ತವೆ. ನೀವಿರುವುದು ಮಾಹುಲದ ತೈಲ ಶುದ್ಧೀಕರಣ ಘಟಕಗಳ ಪಕ್ಕದಲ್ಲಿ, ಟ್ಯಾಂಕರುಗಳು ಸಾಲಾಗಿ ನಿಲ್ಲುವ ರಸ್ತೆಗಳಲ್ಲಿ. ಗಾಳಿ ಬೀಸುವ ದಿಕ್ಕು ತಿರುಗಿದರೆ ದೇವನಾರಿನ ಕಸದ ಗುಡ್ಡದ ವಾಸನೆಯೂ ಬರುತ್ತದೆ. ನಿಮಗೆ ನಾನು ಆರಿಸಿಕೊಡುವುದು ಕಣ ಹಿಡಿಯುವ ಪದರವೂ ಕಾರ್ಬನ್ನೂ ಕೂಡಿರುವ ಫಿಲ್ಟರ್. ಚಿಕ್ಕ ಕಾರಿಗೆ 400ರಿಂದ 900 ರೂಪಾಯಿಯೊಳಗೆ ಸಿಗಬೇಕು. ಅಂಗಡಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ಹರಳುಗಳು ತರಿತರಿಯಾಗಿ ಕೈಗೆ ಸಿಗಬೇಕು, ಬಿಳಿ ಫಿಲ್ಟರಿಗಿಂತ ತೂಕವಿರಬೇಕು. ಬರೀ ಕಪ್ಪು ಬಣ್ಣ ಹಾಕಿದ ಬಟ್ಟೆಯನ್ನು ಕಾರ್ಬನ್ ಎಂದು ಮಾರುವವರೂ ಇದ್ದಾರೆ. ನೆರಿಗೆಗಳನ್ನು ಎಣಿಸಿ. ಅಳತೆ ಒಂದೇ ಆದರೂ ನೆರಿಗೆ ಹೆಚ್ಚಿದ್ದರೆ ಗಾಳಿ ಹಾಯಲು ಜಾಗ ಹೆಚ್ಚು, ಬಾಳಿಕೆಯೂ ಹೆಚ್ಚು.

ಹೆಪಾ ಬೇಡವೇ ಎಂದರೆ, ನಿಮ್ಮ ಕಾರಿಗೆ ಬೇಡ ಎನ್ನುತ್ತೇನೆ. ನಿಜವಾದ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ತಡೆಯಬೇಕು. ಅಷ್ಟು ದಟ್ಟವಾದ ಬಟ್ಟೆಯೊಳಗಿಂದ ಗಾಳಿ ದೂಡಲು ಅಗಲವಾದ ಫಿಲ್ಟರೂ ಬಲವಾದ ಬ್ಲೋವರೂ ಬೇಕು. ಹನ್ನೆರಡು ವರ್ಷ ದಾಟಿದ ಚಿಕ್ಕ ಬ್ಲೋವರಿನ ಮುಂದೆ ಅದನ್ನಿಟ್ಟರೆ ಕಿಂಡಿಯಲ್ಲಿ ಗಾಳಿಯೇ ಬರುವುದಿಲ್ಲ. ಸೆಖೆ ತಾಳಲಾರದೆ ನೀವು ಕಿಟಕಿ ಇಳಿಸುತ್ತೀರಿ, ಅಲ್ಲಿಗೆ ಫಿಲ್ಟರಿನ ಕೆಲಸ ಮುಗಿಯಿತು. ಚೆನ್ನಾಗಿ ಗಾಳಿ ಹಾಯುವ ಸಾಧಾರಣ ಫಿಲ್ಟರಿನಿಂದಲೇ ಹೆಚ್ಚು ಕೆಲಸ ತೆಗೆಯುವ ಉಪಾಯವಿದೆ, ಅದು ಆ ಸುತ್ತುಬಾಣದ ಗುಂಡಿ. ಬಹಳಷ್ಟು ಕಾರುಗಳಲ್ಲಿ ಫಿಲ್ಟರ್ ಇರುವುದು ಕದದ ಆಚೆಗೆ, ಅಂದರೆ ಒಳಗೇ ಸುತ್ತುವ ಗಾಳಿಯೂ ಪ್ರತಿ ಸಲ ಅದನ್ನು ಹಾದೇ ಬರುತ್ತದೆ. ಒಂದು ಸಲಕ್ಕೆ ಅರ್ಧ ಕಣ ಹಿಡಿದರೂ ನೂರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ ಇಳಿಯುತ್ತಾ ಹೋಗುತ್ತದೆ. ಚಿಕ್ಕ ಕಾರಿನ ಗಾಳಿಯೆಲ್ಲ ಒಮ್ಮೆ ಸುತ್ತಲು ಒಂದೆರಡು ನಿಮಿಷವೂ ಬೇಡ. ಸಯನ್ ವೃತ್ತದ ದಟ್ಟಣೆಯಲ್ಲಿ, ಫ್ರೀವೇಯ ಸುರಂಗದೊಳಗೆ ಆ ಗುಂಡಿ ಒತ್ತಿಕೊಂಡೇ ಇರಿ. ಮೊಬೈಲಿನಲ್ಲಿ ಗಾಳಿಯ ಲೆಕ್ಕ ನೋಡುವ ಅಭ್ಯಾಸವಿದ್ದರೆ, ಸಣ್ಣ ಕಣಗಳಿಗೆ ನಮ್ಮ ದೇಶ ಒಂದು ದಿನಕ್ಕೆ ಇಟ್ಟಿರುವ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಿಮ್ಮ ಮಗನಿಗೆ ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಾಗೆಂದು ದಾರಿಯುದ್ದಕ್ಕೂ ಅದನ್ನು ಒತ್ತಿಡಬೇಡಿ. ನಾಲ್ಕು ಜನ ಕೂತು ಉಸಿರಾಡುವಾಗ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ, ಅದನ್ನು ಈ ಫಿಲ್ಟರುಗಳು ಹಿಡಿಯುವುದಿಲ್ಲ. ತಲೆ ಭಾರ, ತೂಕಡಿಕೆ ಬರುತ್ತದೆ, ಚಾಲಕನಿಗೆ ಅದು ಅಪಾಯ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ, ಮುಂದೆ ಲಾರಿ ಇಲ್ಲದಾಗ, ಎರಡು ಮೂರು ನಿಮಿಷ ಹೊರಗಿನ ಗಾಳಿ ತೆಗೆದುಕೊಳ್ಳಿ.

ನಿಮ್ಮದು ಸಿಎನ್‌ಜಿ ಕಾರಾದ್ದರಿಂದ ಇನ್ನೆರಡು ಮಾತು, ಇವನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಸೋರಿದರೆ ಗೊತ್ತಾಗಲಿ ಎಂದೇ ಆ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಫಿಲ್ಟರ್ ವಾಸನೆಯನ್ನು ಸ್ವಲ್ಪ ತಗ್ಗಿಸಬಹುದು, ಸೋರಿಕೆಯನ್ನಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೆ ಎಷ್ಟೇ ತೆಳುವಾಗಿ ಗ್ಯಾಸಿನ ವಾಸನೆ ಬಂದರೂ ಕಾರು ನಿಲ್ಲಿಸಿ, ಕಿಟಕಿ ತೆರೆದು, ಸಿಲಿಂಡರಿನ ವಾಲ್ವ್ ಮುಚ್ಚಿ, ತೋರಿಸಿ. ಸಿಲಿಂಡರಿನ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ಆಗಬೇಕು. ಕಿಟ್ ಹಾಕಿಸಿ ನಾಲ್ಕು ವರ್ಷ ಎಂದಿದ್ದೀರಿ, ಆಗಿದೆಯೇ ಎಂದು ಇವತ್ತೇ ಕಾಗದ ನೋಡಿ. ಇನ್ನೊಂದು, ಕಾರ್ಬನ್ ಮಾನಾಕ್ಸೈಡ್. ಹೊಗೆಕೊಳವೆಯಿಂದ ಬರುವ ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಇದನ್ನು ಕಾರ್ಬನ್ ಫಿಲ್ಟರೂ ಹೆಪಾ ಫಿಲ್ಟರೂ ತಡೆಯಲಾರವು. ಫಿಲ್ಟರ್ ಇದೆಯೆಂಬ ಧೈರ್ಯದಿಂದ ಮುಚ್ಚಿದ ಗ್ಯಾರೇಜಿನಲ್ಲೋ ದೂರದ ಪ್ರಯಾಣದ ನಡುವೆಯೋ ಎಂಜಿನ್ ಓಡಿಸಿಕೊಂಡು ಎ.ಸಿ.ಯಲ್ಲಿ ಯಾರೂ ಮಲಗಬಾರದು, ಮಗು ನಿದ್ದೆಯಲ್ಲಿದ್ದರೂ ಎಬ್ಬಿಸಿ ಕರೆದುಕೊಂಡು ಹೋಗಿ.

ಕೂರಿಸುವಾಗ ಫಿಲ್ಟರಿನ ಪಕ್ಕದಲ್ಲಿ ಬಾಣದ ಗುರುತು ನೋಡಿ. ಅದು ಗಾಳಿ ಹರಿಯುವ ದಿಕ್ಕನ್ನು ತೋರಿಸುತ್ತದೆ. ಗಾಳಿ ಯಾವ ಕಡೆ ಹರಿಯುತ್ತದೆಂದು ತಿಳಿಯದಿದ್ದರೆ ಬ್ಲೋವರನ್ನು ಒಂದನೆಯ ವೇಗಕ್ಕೆ ಹಾಕಿ, ಖಾಲಿ ಗೂಡಿನ ಬಾಯಿಯಲ್ಲಿ ಹೊಲಿಗೆ ದಾರದ ತುಂಡನ್ನು ಗಟ್ಟಿಯಾಗಿ ಹಿಡಿದು ನೋಡಿ, ಅದು ಬಾಗಿದ ಕಡೆಗೇ ಬಾಣ ಇರಬೇಕು. ನೋಡಿದ ಮೇಲೆ ಬ್ಲೋವರ್ ನಿಲ್ಲಿಸಿ. ಕೆಲವರು ಇದಕ್ಕೆ ಅಗರಬತ್ತಿಯ ಹೊಗೆ ಬಳಸುತ್ತಾರೆ. ನಿಮ್ಮ ಸಿಎನ್‌ಜಿ ಕಾರಿನಲ್ಲಿ ಅದು ಬೇಡ. ಮುಚ್ಚಳ ಹಾಕಿದಾಗ ಎರಡೂ ತುದಿಯಲ್ಲಿ ‘ಟಕ್’ ಎಂದು ಸದ್ದು ಕೇಳಬೇಕು. ಬ್ಲೋವರನ್ನು ಪೂರ್ತಿ ವೇಗಕ್ಕೆ ಏರಿಸಿದಾಗ ಸಿಳ್ಳೆ ಹೊಡೆದಂತೆ ಕೇಳಿದರೆ ಎಲ್ಲೋ ಸಂದು ಉಳಿದಿದೆ, ಮತ್ತೆ ತೆಗೆದು ಹಾಕಿ. ಗಾಳಿಯ ರಭಸ ತುಸು ಕಡಿಮೆಯಾದರೆ ಅದು ಸಹಜ.

ಕಾಯಿಲ್ ತೊಳೆಯುವ ವಿಷಯದಲ್ಲಿ, ಗೂಡಿನ ಮೂಲಕ ನೊರೆಯ ಸ್ಪ್ರೇ ಬಿಟ್ಟು, ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, ಕೊಳಕು ನೀರು ಡ್ರೈನ್ ಕೊಳವೆಯಿಂದ ಇಳಿದುಹೋಗುವುದನ್ನು ನೋಡಬೇಕು. ಕಂಬಳಿ ತೀರಾ ದಪ್ಪಗಿದ್ದರೆ ನೊರೆಗೆ ಬಗ್ಗುವುದಿಲ್ಲ, ಎ.ಸಿ. ಗ್ಯಾಸ್ ತೆಗೆದು ಕಾಯಿಲನ್ನೇ ಹೊರಗೆ ತಂದು ತೊಳೆಯಬೇಕು. ಖರ್ಚು ಹೆಚ್ಚು, ಆದರೆ ಉಬ್ಬಸದ ಮಗುವಿರುವ ಮನೆಗೆ ಅದು ದಂಡವಲ್ಲ. ತೊಳೆದ ದಿನ ಮಗನನ್ನು ಕಾರಿಗೆ ಹತ್ತಿಸಬೇಡಿ, ಆ ಸ್ಪ್ರೇಯ ವಾಸನೆಯೇ ಅವನನ್ನು ಕೆಣಕಬಹುದು. ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಮನೆ ತಲುಪುವ ಐದು ನಿಮಿಷ ಮೊದಲು ಎ.ಸಿ. ಗುಂಡಿ ಮಾತ್ರ ಆರಿಸಿ, ಬ್ಲೋವರ್ ಓಡಲು ಬಿಡಿ. ಕಾಯಿಲ್ ಒಣಗುತ್ತದೆ, ಬೂಷ್ಟಿಗೆ ನೆಲೆ ಸಿಗುವುದಿಲ್ಲ.

ಎಷ್ಟು ದಿನಕ್ಕೆ ಬದಲಿಸಬೇಕು? ಕಾರಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 10,000ದಿಂದ 20,000 ಕಿಲೋಮೀಟರ್ ಎಂದಿರುತ್ತದೆ. ಮುಂಬೈಯಲ್ಲಿ ಕಿಲೋಮೀಟರ್ ನಂಬಬೇಡಿ, ಇಲ್ಲಿ ಕಾರು ಓಡುವುದಕ್ಕಿಂತ ನಿಂತು ಉರಿಯುವುದೇ ಹೆಚ್ಚು. ನಾನು ನಮ್ಮವರಿಗೆಲ್ಲ ಹೇಳುವ ದಿನ ಆಯುಧಪೂಜೆ. ಹೇಗೂ ಆ ದಿನ ಕಾರು ತೊಳೆದು, ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೀರಿ. ಅಷ್ಟರಲ್ಲಿ ಮಳೆ ಮುಗಿದಿರುತ್ತದೆ, ಫಿಲ್ಟರ್ ನಾಲ್ಕು ತಿಂಗಳ ತೇವ ಕುಡಿದಿರುತ್ತದೆ, ಮುಂದೆ ಚಳಿಗಾಲದ ಧೂಳು ಕಾದಿರುತ್ತದೆ. ಹೊಸ ಫಿಲ್ಟರಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹೋಳಿ ಕಳೆದ ಮೇಲೆ ಒಮ್ಮೆ ತೆಗೆದು ನೋಡಿ, ನೆರಿಗೆಯ ತಳ ಕಾಣದಷ್ಟು ಬೂದಾಗಿದ್ದರೆ ಆಗಲೂ ಬದಲಿಸಿ. ನಿಮ್ಮ ಮನೆಯ ಸ್ಥಿತಿಗೆ ವರ್ಷಕ್ಕೆ ಎರಡು ಎಂದೇ ಲೆಕ್ಕ ಹಾಕಿ. ಪುಣೆಯಲ್ಲಿ ಕಟ್ಟಡ ಕೆಲಸಗಳ ನಡುವೆ ಇರುವವರಿಗೂ ವಾಸ್ಕೋದಲ್ಲಿ ಬಂದರಿನ ಕಲ್ಲಿದ್ದಲ ಪುಡಿಯ ನಡುವೆ ಇರುವ ನಮ್ಮ ಜನರಿಗೂ ನಾನು ಕೊಡುವ ಲೆಕ್ಕ ಇದೇ.

ಉಡುಪಿಗೆ ಕೊಂಕಣದ ದಾರಿಯಲ್ಲಿ, 66ನೇ ಹೆದ್ದಾರಿಯಲ್ಲಿ ಹೋಗುವುದಾದರೆ ಕಾಮಗಾರಿಯಿರುವ ಕಡೆ ಮುರಕಲ್ಲಿನ ಕೆಂಪು ಧೂಳು ಏಳುತ್ತದೆ. ಅಲ್ಲಿ ಸುತ್ತುಬಾಣ ಒತ್ತಿಕೊಳ್ಳಿ. ಘಟ್ಟ ಹತ್ತುವ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ, ನೂರು ಅಡಿ ಹಿಂದೆ ಉಳಿದರೆ ಹೊಗೆ ಎಷ್ಟೋ ತೆಳುವಾಗುತ್ತದೆ. ಮಗನ ಇನ್‌ಹೇಲರ್ ಗ್ಲೋವ್ ಬಾಕ್ಸಿನಲ್ಲಿಡಬೇಡಿ, ನಿಲ್ಲಿಸಿದ ಕಾರು ಮೇ ತಿಂಗಳಲ್ಲಿ ಒಲೆಯಾಗುತ್ತದೆ. ನಿಮ್ಮ ಕೈಚೀಲದಲ್ಲೇ ಇರಲಿ. ಹೊರಡುವ ಹದಿನೈದು ದಿನ ಮೊದಲು ಈ ಕೆಲಸ ಮುಗಿಸಿಕೊಂಡರೆ ಏನಾದರೂ ತಪ್ಪಿದ್ದರೆ ಸರಿಪಡಿಸಲು ಸಮಯ ಸಿಗುತ್ತದೆ.

ಎಲ್ಲ ಮುಗಿಸಿದ ಮೇಲೆ ಎ.ಸಿ. ಹಾಕಿ ಕಾರನ್ನು ಬಯಲಲ್ಲಿ ಹತ್ತು ನಿಮಿಷ ನಿಲ್ಲಿಸಿ, ಮುಂದಿನ ಎಡಗಡೆ ಬಗ್ಗಿ ನೋಡಿ. ನೆಲಕ್ಕೆ ತಿಳಿನೀರು ಹನಿಹನಿಯಾಗಿ ಬೀಳುತ್ತಿರಬೇಕು. ಹನಿ ಬೀಳದೆ ಒಳಗಿನ ಕಾಲುಹಾಸು ಒದ್ದೆಯಾಗಿದ್ದರೆ ಡ್ರೈನ್ ಕೊಳವೆಯಲ್ಲಿ ಕಾಯಿಲಿನಿಂದ ಕಿತ್ತುಬಂದ ಕೊಳೆ ಸಿಕ್ಕಿಕೊಂಡಿದೆ. ತೊಳೆದವರ ಬಳಿಗೇ ಹೋಗಿ ಅದನ್ನು ಬಿಡಿಸಿಕೊಂಡು ಬನ್ನಿ, ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.